ಅಭಾವದ ಪ್ರತಿಯೋಗಿ

ಓವರ್‌ಲೋಡಿಂಗಿನ ಸೂಕ್ಷ್ಮಗಳನ್ನು ಈ ವಾರ ಮುಗಿಸಿಬಿಡಬೇಕೆಂದು ಕುಳಿತವನ ಮನಸ್ಸು ಅದರದೇ ಒಂದು ಮೂಲೆಯಲ್ಲಿ ನಿಂತುಹೋಯಿತು: ಆರ್ಗ್ಯುಮೆಂಟಾಗಿ ಬಂದ ನಲ್ ಯಾವ ಟೈಪಿನದೆಂಬುದನ್ನು ರನ್‌ಟೈಮಿನಲ್ಲಿ ನಿರ್ಣಯಿಸುವುದೆಂತು?

ಜಾವಾದಲ್ಲಿ ಒಂದೇ ಹೆಸರಿನ ಎರಡು ಮೆಥಡ್ಡುಗಳಿದ್ದು, ಒಂದು ಆಬ್ಜೆಕ್ಟನ್ನೂ ಮತ್ತೊಂದು ಸ್ಟ್ರಿಂಗನ್ನೂ ಸ್ವೀಕರಿಸುವುದಾದರೆ, ಬರಿಯ ನಲ್ ಕೊಟ್ಟಾಗ ಕಂಪೈಲರು ಹೆಚ್ಚು ವಿಶಿಷ್ಟವಾದ ಸ್ಟ್ರಿಂಗನ್ನೇ ಆರಿಸುತ್ತದೆ. ಇಂಟಿಜರಿನ ಮೂರನೆಯದೊಂದು ಸೇರಿತೆಂದರೆ ಸಂದಿಗ್ಧವೆಂದು ಕೈಚೆಲ್ಲುತ್ತದೆ. ನಲ್‌ನ ಹಿಂದೆ ಸ್ಟ್ರಿಂಗ್ ಎಂದು ಕಾಸ್ಟ್ ಬರೆದರೆ ಸಂದೇಹ ನಿವಾರಣೆಯಾಗುತ್ತದೆ. ಇದೆಲ್ಲವೂ ಪ್ರೋಗ್ರಾಮು ಓಡುವ ಮೊದಲೇ ಮುಗಿದುಹೋಗುವ ವ್ಯವಹಾರ. ರಿಫ್ಲೆಕ್ಷನ್ನಿನ ಹಾದಿ ಹಿಡಿದು, ಮೆಥಡ್ಡಿನ ಹೆಸರನ್ನೂ ಆರ್ಗ್ಯುಮೆಂಟುಗಳ ಅರೇಯನ್ನೂ ಮುಂದಿಟ್ಟುಕೊಂಡು, ಒಂದೊಂದನ್ನೂ ಗೆಟ್‌ಕ್ಲಾಸಿನಿಂದ ಅದರ ಕುಲ ಕೇಳುತ್ತ ಹೋದವನಿಗೆ ನಲ್‌ನಿಂದ ದೊರೆಯುವುದು ನಲ್‌ಪಾಯಿಂಟರ್ ಎಕ್ಸೆಪ್ಷನ್ ಮಾತ್ರ.

ನಲ್ ಬಂದ ಸ್ಥಾನವನ್ನು ಲೆಕ್ಕಿಸದೆ, ಹೊಂದಿಕೆಯಾದ ಮೊದಲ ಮೆಥಡ್ಡನ್ನೇ ಕರೆಯಿರೆಂದು ಬೋಧಿಸುವ ಪಂಥವೊಂದುಂಟು. ಅದನ್ನು ನಾನು ಎಂದೂ ಒಪ್ಪಿದವನಲ್ಲ. ಗೆಟ್‌ಮೆಥಡ್ಸ್ ಕೊಡುವ ಪಟ್ಟಿಗೆ ನಿಯತವಾದ ಕ್ರಮವಿಲ್ಲವೆಂದು ಜಾವಾದ ಕೈಪಿಡಿಯೇ ಸಾರುತ್ತಿರುವಾಗ, ‘ಮೊದಲನೆಯದು’ ಎಂಬ ಮಾತಿಗೆ ಆಧಾರವೆಲ್ಲಿಯದು? ಇಂದು ಸರಿಯಾಗಿ ನಡೆದದ್ದು ನಾಳೆ ಮತ್ತೊಂದು ಯಂತ್ರದಲ್ಲಿ ಸದ್ದಿಲ್ಲದೆ ತಪ್ಪೀತು.

ಇಂತಹ ಹೊತ್ತಿನಲ್ಲಿ ನನಗೆ ನೆನಪಾಗುವುದು ತರ್ಕಸಂಗ್ರಹ. ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿದ ನಮ್ಮ ತಾರ್ಕಿಕರು ಪ್ರತಿಯೋಗಿಯಿಲ್ಲದ, ಎಂದರೆ ಇಲ್ಲದಿರುವುದು ಯಾವ ವಸ್ತುವೆಂದು ಹೇಳದ, ಅಭಾವವನ್ನು ಅಂಗೀಕರಿಸಲಿಲ್ಲ. ನೆಲದ ಮೇಲೆ ಘಟವಿಲ್ಲದಿರುವುದು ಬೇರೆ, ಪಟವಿಲ್ಲದಿರುವುದು ಬೇರೆ. ದಿನಸಿ ಅಂಗಡಿಯಲ್ಲಿ ತೊಗರಿಬೇಳೆ ಕೇಳಿದವನಿಗೆ ಶೆಟ್ಟರು ‘ಇಲ್ಲ’ವೆಂದರೆ ಅವನು ಸುಮ್ಮನೆ ಹಿಂದಿರುಗುವನು, ಏಕೆಂದರೆ ಇಲ್ಲದ್ದು ಏನೆಂಬುದು ಅವನ ಪ್ರಶ್ನೆಯಲ್ಲಿಯೇ ಅಡಗಿದೆ, ಆ ‘ಇಲ್ಲ’ವನ್ನಷ್ಟೇ ಬೀದಿಯಲ್ಲಿ ನಿಂತು ಕೇಳಿಸಿಕೊಂಡವನು ಎಷ್ಟು ಹೊತ್ತು ಅದನ್ನು ಪರೀಕ್ಷಿಸಿದರೂ ಅದರೊಳಗಿನಿಂದ ಬೇಳೆಯನ್ನು ಹೊರತೆಗೆಯಲಾರನು. ರನ್‌ಟೈಮಿನಲ್ಲಿ ನಲ್‌ನ ಟೈಪನ್ನು ಅರಸುವವನ ಸ್ಥಿತಿ ಇದೇ.

ಆದ್ದರಿಂದ ಟೈಪುಗಳ ಅರೇಯನ್ನು ಕರೆಯುವವನಿಂದಲೇ ಪಡೆಯಬೇಕು. ಗೆಟ್‌ಮೆಥಡ್ ಬೇಡುವುದೂ ಅದನ್ನೇ. ಡೇಟಾಬೇಸಿನ ವ್ಯವಹಾರಕ್ಕೆ ಜೆಡಿಬಿಸಿಯನ್ನು ರೂಪಿಸಿದವರು ಈ ಮರ್ಮವನ್ನು ಅರಿತಿದ್ದರು: ಸೆಟ್‌ನಲ್ ಎಂಬ ಅವರ ಮೆಥಡ್ಡಿಗೆ ಸ್ಥಾನದ ಸಂಖ್ಯೆಯೊಂದಿಗೆ ಟೈಪಿನ ಸಂಖ್ಯೆಯನ್ನೂ ಒಪ್ಪಿಸಬೇಕು, ವಾರ್ಚಾರ್ ಆದರೆ 12, ಇಂಟಿಜರ್ ಆದರೆ 4. ಬರೆಯುವಾಗ ಅದು ಬೇಸರದ ಕೆಲಸವೆನಿಸಿದರೂ, ಆ 12ನ್ನು ಕಂಡಾಗಲೆಲ್ಲ ನನಗೆ ಅಲ್ಲಿ ಪ್ರತಿಯೋಗಿಯ ದರ್ಶನವಾಗುತ್ತದೆ.