ಎರಡನೇ ಸಲದ ದ್ರಾಕ್ಷಿಗರ್ಭ

ದ್ರಾಕ್ಷಿಗರ್ಭವನ್ನು ಗುರುತಿಸುವುದರಲ್ಲಿ, ತೆಗೆಯುವುದರಲ್ಲಿ ನಮ್ಮ ವೈದ್ಯರು ಹಿಂದೆ ಬಿದ್ದಿಲ್ಲ. ಬೋರಾಮಣಿಯ ಹೆಣ್ಣುಮಗಳೊಬ್ಬಳು ಹೈದರಾಬಾದ್ ರಸ್ತೆ ಹಿಡಿದು ಸೋಲಾಪುರ ಮುಟ್ಟಿದರೆ ಸಾಕು. ಸ್ಕ್ಯಾನಿಂಗ್‌ನಲ್ಲಿ ಕೂಸಿನ ಬದಲು ನೀರುಗುಳ್ಳೆಗಳ ಗೊಂಚಲು ಕಂಡರೆ ಚೀಲ ಸ್ವಚ್ಛ ಮಾಡಿ ಕಳಿಸುತ್ತಾರೆ. ನನ್ನ ತಕರಾರು ಆಮೇಲಿನ ಸಮಾಧಾನದ ಮಾತಿನ ಮೇಲೆ: ‘ಚಿಂತಿ ಮಾಡಬ್ಯಾಡವ್ವಾ, ಮುಂದಿನ ಸಲ ಛಲೋ ಆಗತದ.’

ಮೊದಲ ಸಲಕ್ಕೆ ಈ ಮಾತು ಸುಳ್ಳಲ್ಲ. ಒಮ್ಮೆ ಹೀಗಾದವರಲ್ಲಿ ಮತ್ತೆ ಆಗುವುದು ನೂರಕ್ಕೆ ಒಬ್ಬಿಬ್ಬರಿಗೆ. 1977ರಲ್ಲಿ ಜಪಾನಿನ ಕಾಜೀ ಮತ್ತು ಓಹಾಮಾ ತೋರಿಸಿಕೊಟ್ಟಂತೆ, ಪೂರ್ಣ ದ್ರಾಕ್ಷಿಗರ್ಭದ ವರ್ಣತಂತುಗಳೆಲ್ಲ ಸಾಮಾನ್ಯವಾಗಿ ತಂದೆಯವು. ಬರಿದಾದ ಅಂಡದೊಳಗೆ ಹೊಕ್ಕ ವೀರ್ಯಾಣು ಹೆಚ್ಚಿನ ಸಲ ತನ್ನ 23ನ್ನೇ 46 ಮಾಡಿಕೊಳ್ಳುತ್ತದೆ. ಮಾಸು ಬೆಳೆಸುವುದರಲ್ಲಿ ತಂದೆಯ ಕಡೆಯ ಜೀನ್‌ಗಳು ಮುನ್ನುಗ್ಗುತ್ತವೆ, ತಾಯಿಯವು ಲಗಾಮು ಹಿಡಿಯುತ್ತವೆ. ಲಗಾಮಿಲ್ಲದೆ ಮಾಸು ಉಬ್ಬುತ್ತದೆ, ಕೂಸು ಮೂಡುವುದಿಲ್ಲ. ಅಂಡ ಸರಿಯಿದ್ದು ಎರಡು ವೀರ್ಯಾಣು ಹೊಕ್ಕರೆ ವರ್ಣತಂತು 69. ಅದು ಅರೆ ದ್ರಾಕ್ಷಿಗರ್ಭ. ಇದನ್ನು ಕೇಳಿ ‘ಹಂಗಾದ್ರ ತಪ್ಪು ಗಂಡಂದೇ’ ಎನ್ನುವವರೂ ಇದ್ದಾರೆ. ಸೊಸೆಯನ್ನು ಹಂಗಿಸುವ ಅತ್ತೆಯ ಮಾತಿನಷ್ಟೇ ಅದೂ ಪೊಳ್ಳು.

ಎರಡನೇ, ಮೂರನೇ ಸಲವೂ ಹೀಗೇ ಆದರೆ ಲೆಕ್ಕ ಬೇರೆ. 2006ರಲ್ಲಿ ಮಾಂಟ್ರಿಯಲ್‌ನ ರೀಮಾ ಸ್ಲಿಮ್ ಅವರ ತಂಡ ಇಂಥ ಕೆಲವು ಹೆಂಗಸರಲ್ಲಿ ಎನ್‌ಎಲ್‌ಆರ್‌ಪಿ7 ಎಂಬ ಜೀನ್‌ನ ದೋಷ ಕಂಡುಹಿಡಿಯಿತು. ಇವರ ಗರ್ಭದಲ್ಲಿ ತಂದೆ, ತಾಯಿ ಇಬ್ಬರ ವರ್ಣತಂತುಗಳೂ ಇರುತ್ತವೆ. ಆದರೆ ಅಂಡ ಬೆಳೆಯುವಾಗ ಬೀಳಬೇಕಾದ ತಾಯಿಯ ಗುರುತು ತಾಯಿಯ ವರ್ಣತಂತುಗಳ ಮೇಲೆ ಬಿದ್ದಿರುವುದಿಲ್ಲ, ಹಾಗಾಗಿ ಇಲ್ಲೂ ಲಗಾಮು ತಪ್ಪುತ್ತದೆ. ಹೀಗಾಗಲು ಆ ಹೆಂಗಸಿನಲ್ಲಿ ಜೀನ್‌ನ ಎರಡೂ ಪ್ರತಿ ಕೆಟ್ಟಿರಬೇಕು, ಒಂದು ಅಪ್ಪನಿಂದ, ಒಂದು ಅವ್ವನಿಂದ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಇದು ಕೂಡಿಬರುವ ಸಂಭವ ಹೆಚ್ಚು. ವಿಚಾರಿಸಬೇಕಾದದ್ದು ಆಕೆಯ ಮದುವೆಯನ್ನಲ್ಲ, ಆಕೆಯ ಅಪ್ಪ ಅವ್ವನ ಮದುವೆಯನ್ನು.

ತೆಗೆದ ಗರ್ಭ ಯಾವ ಬಗೆಯದೆಂದು ತಿಳಿಯಲು ಪ್ರಯೋಗಾಲಯದಲ್ಲಿ ಪಿ57 ಎಂಬ ಬಣ್ಣದ ಪರೀಕ್ಷೆಯಿದೆ. ಸ್ಲೈಡಿನಲ್ಲಿ ತಾಯಿಯ ಗರ್ಭಕೋಶದ ಜೀವಕೋಶಗಳು ಕಂದು ಚುಕ್ಕೆಗಳಾಗಿ ಕಾಣುತ್ತವೆ. ಪಕ್ಕದಲ್ಲೇ ಗುಳ್ಳೆಯ ಗೋಡೆ ಬಣ್ಣ ಹಿಡಿಯದೆ ಉಳಿದರೆ ಅದು ಪೂರ್ಣ ದ್ರಾಕ್ಷಿಗರ್ಭ. ಒಳ್ಳೆಯ ಪರೀಕ್ಷೆ, ಸಂಶಯವಿಲ್ಲ. ಆದರೆ ಜೀನ್ ದೋಷದ ಗರ್ಭವೂ ಇದೇ ಚಿತ್ರ ತೋರಿಸಿ ಏಮಾರಿಸುತ್ತದೆ. ಬೇರ್ಪಡಿಸಲು ಡಿಎನ್‌ಎ ನೋಡಲೇಬೇಕು, ಎರಡನೇ ಸಲವಂತೂ ತಪ್ಪದೆ.

ನೋಡದೆ ‘ಇನ್ನೊಮ್ಮೆ ನೋಡೋಣ’ ಎನ್ನುವುದು ನಿರ್ದಯ. ಜೀನ್ ದೋಷವಿದ್ದವಳಿಗೆ ಸ್ವಂತ ಅಂಡದಿಂದ ಕೂಸಾಗುವುದು ತೀರಾ ಅಪರೂಪ. ಪ್ರತಿ ಸಲವೂ ರಕ್ತಸ್ರಾವ, ತಿಂಗಳುಗಟ್ಟಲೆ ಎಚ್‌ಸಿಜಿ ಹಾರ್ಮೋನಿನ ರಕ್ತಪರೀಕ್ಷೆ, ಕ್ಯಾನ್ಸರಿಗೆ ತಿರುಗುವ ಭಯ. ಆ ಕ್ಯಾನ್ಸರ್ 1956ರಿಂದೀಚೆಗೆ ಮೆಥೊಟ್ರೆಕ್ಸೇಟ್ ಔಷಧಕ್ಕೆ ಬಗ್ಗುತ್ತಿದೆ ಎಂಬುದು ನಿಜ. ಅದು ಆಕೆಯನ್ನು ಮತ್ತೆ ಪಣಕ್ಕಿಡಲು ಸಿಕ್ಕ ಪರವಾನಗಿಯಲ್ಲ. ದಾನದ ಅಂಡದಿಂದ ಇಂಥವರು ಆರೋಗ್ಯವಂತ ಮಕ್ಕಳನ್ನು ಹೆತ್ತ ದಾಖಲೆಗಳಿವೆ. ನೆರವಿನ ಸಂತಾನೋತ್ಪತ್ತಿ ಕುರಿತ 2021ರ ಕಾಯ್ದೆ ಅದಕ್ಕೆ ದಾರಿ ಬಿಟ್ಟಿದೆ, ಖರ್ಚಿಗೆ ದಾರಿ ತೋರಿಸಿಲ್ಲ. ಇನ್ನು, ಒಡಹುಟ್ಟಿದ ತಂಗಿಗೂ ಈ ದೋಷ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಆ ತಂಗಿಗೂ ಸುದ್ದಿ ಮುಟ್ಟಿಸಿ ಎಂದು ಡಿಸ್ಚಾರ್ಜ್ ಕಾರ್ಡಿನ ಮೇಲೆ ಬರೆಯುವ ರೂಢಿ ನಮ್ಮಲ್ಲಿಲ್ಲ.