ಅಂಡಾಶಯದ ಸಿಸ್ಟ್ ತೆಗೆಸಿದ ಮೇಲೆ: ನಾಲ್ಕು ತಾಲ್ಲೂಕುಗಳ ಆರೈಕೆ ಪದ್ಧತಿ

ಅಂಡಾಶಯದ ಸಿಸ್ಟ್ ತೆಗೆಸಿಕೊಂಡು, ಮಗುವಿನ ನಿರೀಕ್ಷೆಯಲ್ಲೂ ಇರುವ ಹೆಣ್ಣಿನ ಚೇತರಿಕೆಯಲ್ಲಿ ಎರಡು ಕೆಲಸಗಳಿವೆ. ಹೊಟ್ಟೆಯ ಗಾಯ ಮಾಗಬೇಕು. ಬಸಿರಿಗೆ ದಂಪತಿ ಸಿದ್ಧರಾಗಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮೊದಲನೆಯ ಕೆಲಸಕ್ಕೆ ಮನೆಮಂದಿಯೆಲ್ಲ ನಿಲ್ಲುತ್ತಾರೆ. ಎರಡನೆಯದಕ್ಕೆ ಹೊಣೆಗಾರರೇ ಇಲ್ಲ. ಸ್ಕ್ಯಾನಿಂಗ್ ತಾಲ್ಲೂಕು ಕೇಂದ್ರದಲ್ಲಿ, ಆಪರೇಷನ್ ಹೆಚ್ಚಾಗಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಯಾವುದಾದರೂ ಖಾಸಗಿ ಆಸ್ಪತ್ರೆಯಲ್ಲೋ, ಆರೈಕೆ ತವರಿನಲ್ಲಿ. ಮೂರು ಕಡೆ ಹಂಚಿಹೋದ ಈ ಪದ್ಧತಿಯ ಮುಖ್ಯ ಕೊರತೆ ಇದೇ: ಒಂದು ಕಡೆ ತಿಳಿದ ಸಂಗತಿ ಇನ್ನೊಂದು ಕಡೆಗೆ ತಲುಪುವುದಿಲ್ಲ.

ಎಡವಟ್ಟು ಎಷ್ಟೋ ಸಲ ಆಪರೇಷನ್‌ಗೆ ಮುಂಚೆಯೇ ಶುರುವಾಗುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ಸ್ಕ್ಯಾನಿಂಗಿನಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಹೆಚ್ಚಿನವು ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವ ಸಹಜ ಕ್ರಿಯೆಯಲ್ಲೇ ಹುಟ್ಟಿ, ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾವಾಗಿ ಕರಗುತ್ತವೆ. ಒಳಗೆ ಬರೀ ತಿಳಿನೀರಿದ್ದು ಅಳತೆ 5 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಏನನ್ನೂ ಮಾಡಬೇಕಿಲ್ಲ. 7 ಸೆಂ.ಮೀ. ದಾಟಿದ್ದು, ಗಟ್ಟಿ ಭಾಗವಿರುವುದು, ಕೂದಲು ಕೊಬ್ಬು ತುಂಬಿ ಬೆಳೆಯುತ್ತಿರುವ ಡರ್ಮಾಯ್ಡ್, ಹಳೆಯ ರಕ್ತ ತುಂಬಿ ತಡೆಯಲಾಗದ ನೋವು ಕೊಡುವ ಚಾಕೊಲೇಟ್ ಸಿಸ್ಟ್, ಇವುಗಳ ವಿಚಾರ ಬೇರೆ. ಅಂಡಾಶಯ ತಿರುಚಿಕೊಂಡರಂತೂ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಆಗಲೂ ತಿರುಚು ಬಿಡಿಸಿದರೆ ಕಪ್ಪಿಟ್ಟ ಅಂಡಾಶಯ ಹಲವು ಸಲ ಚೇತರಿಸಿಕೊಳ್ಳುತ್ತದೆ, ಕಿತ್ತು ತೆಗೆಯಲೇಬೇಕೆಂದಿಲ್ಲ. ಪಿಸಿಓಡಿಯಲ್ಲಿ ಕಾಣುವ ಸಣ್ಣ ಸಣ್ಣ ಗುಳ್ಳೆಗಳು ತೆಗೆಸಬೇಕಾದ ಗಡ್ಡೆಗಳೇ ಅಲ್ಲ. ಹಳ್ಳಿಯ ಮಾತಿನಲ್ಲಿ ಇವೆಲ್ಲವೂ ‘ಗರ್ಭಕೋಶದಲ್ಲಿ ನೀರುಗುಳ್ಳೆ’ ಆಗಿಬಿಡುವುದರಿಂದ, ಕಾಯಬಹುದಾದವಳೂ ಹೆದರಿ ಆಪರೇಷನ್‌ಗೆ ಒಪ್ಪುತ್ತಾಳೆ.

ಒಳಗೆ ಏನನ್ನು ತೆಗೆದರು ಎಂಬುದು ಮುಂದಿನ ಎಲ್ಲ ನಿರ್ಧಾರಗಳ ಬುಡ. ಡಿಸ್ಚಾರ್ಜ್ ಚೀಟಿಯಲ್ಲಿ ಇದು ಒಂದೇ ಸಾಲಿನಲ್ಲಿರುತ್ತದೆ, ಅದೂ ಇಂಗ್ಲಿಷಿನಲ್ಲಿ. ‘ಸಿಸ್ಟೆಕ್ಟಮಿ’ ಎಂದಿದ್ದರೆ ಗಡ್ಡೆ ಮಾತ್ರ ಸುಲಿದು ತೆಗೆದು ಅಂಡಾಶಯವನ್ನು ಉಳಿಸಿದ್ದಾರೆ. ‘ಊಫೊರೆಕ್ಟಮಿ’ ಎಂದಿದ್ದರೆ ಅಂಡಾಶಯವೇ ಹೋಗಿದೆ. ಜೊತೆಗೆ ‘ಸಾಲ್ಪಿಂಜೊ’ ಎಂಬುದು ಸೇರಿದ್ದರೆ ಆ ಬದಿಯ ಅಂಡನಾಳವೂ ಹೋಗಿದೆ. ಆ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಬೀರುವಿಗೆ ಸೇರುತ್ತದೆ. ‘ಗಡ್ಡೆ ತೆಗೆದ್ರು’ ಎಂಬಷ್ಟೇ ಮನೆಮಾತಾಗಿ ಉಳಿಯುತ್ತದೆ. ಒಂದು ಅಂಡಾಶಯ ಹೋದರೂ ಇನ್ನೊಂದು ಕೆಲಸ ಮಾಡುತ್ತದೆ, ಮುಟ್ಟು ನಿಲ್ಲುವುದಿಲ್ಲ, ಬಸಿರೂ ಆಗಬಹುದು. ಇದನ್ನು ಬಿಡಿಸಿ ಹೇಳುವವರು ಸಿಗದೆ ‘ಇನ್ನು ಮಕ್ಕಳಾಗಲ್ಲ’ ಎಂಬ ಮಾತನ್ನು ಹೊರುವವರಿದ್ದಾರೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ.

ಏನನ್ನು ತೆಗೆಯಬಹುದೆಂಬ ಒಪ್ಪಿಗೆ ಯಾರದ್ದು ಎಂಬ ವಿಚಾರದಲ್ಲಿ ಕಾನೂನು ಸ್ಪಷ್ಟವಾಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯ, ಅಂಡನಾಳಗಳನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಣಕ್ಕೆ ಕುತ್ತಿಲ್ಲದಿರುವಾಗ, ತಿಳಿವಳಿಕೆಯುಳ್ಳ ವಯಸ್ಕ ಹೆಣ್ಣಿನ ಬದಲಿಗೆ ಬೇರೆಯವರು ಕೊಟ್ಟ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಗಂಡನೋ ಮಾವನೋ ಸಹಿ ಹಾಕಿದರೆ ಸಾಕು ಎಂಬ ರೂಢಿ ಇದರ ಮುಂದೆ ನಿಲ್ಲುವುದಿಲ್ಲ. ಮಗು ಬೇಕೆಂದಿರುವವಳು ‘ಆದಷ್ಟು ಅಂಡಾಶಯ ಉಳಿಸಿ’ ಎಂದು ಒಪ್ಪಿಗೆ ಪತ್ರದಲ್ಲೇ ಬರೆಸಬಹುದು.

ಮನೆಯ ಆರೈಕೆಯಲ್ಲಿ ಮೆಚ್ಚಬೇಕಾದದ್ದು ಬಹಳ ಇದೆ. ಸಣ್ಣ ತೂತು ಹಾಕಿ ಮಾಡುವ ಲ್ಯಾಪರೋಸ್ಕೋಪಿಯಾದರೆ ಒಂದೆರಡು ವಾರದಲ್ಲಿ ಹಗುರ ಕೆಲಸಕ್ಕೆ ಮರಳಬಹುದು. ಹೊಟ್ಟೆ ಕುಯ್ದು ಮಾಡಿದ್ದರೆ ಆರು ವಾರ ಭಾರ ಎತ್ತುವಂತಿಲ್ಲ. ಅತ್ತೆಮನೆಯಲ್ಲಿ ಈ ಆರು ವಾರ ಸಿಗುವುದು ಕಷ್ಟವೆಂದೇ ತವರಿಗೆ ಕರೆದೊಯ್ಯುವ ಪದ್ಧತಿ ಬೆಳೆದಿದೆ. ಬಿಸಿನೀರು, ಹೊತ್ತಿಗೆ ಸರಿಯಾದ ಊಟ, ಕೊಡ ಹೊರಲು ಬಿಡದ ಅಮ್ಮ, ಇವಕ್ಕೆ ಸಮನಾದ ಔಷಧ ಆಸ್ಪತ್ರೆಯಲ್ಲಿಲ್ಲ. ಆದರೆ ಇದೇ ಆರೈಕೆಗೆ ಬಾಣಂತನದ ಪಥ್ಯವೂ ಅಂಟಿಕೊಂಡು ಬರುತ್ತದೆ. ನಂಜಾಗುತ್ತದೆ, ಹೊಲಿಗೆ ಕೀವು ಕಟ್ಟುತ್ತದೆ ಎಂದು ಬದನೆ, ಮೊಟ್ಟೆ, ಮೀನು, ಮೊಸರು ಬಿಡಿಸುತ್ತಾರೆ. ನೀರನ್ನೂ ಅಳೆದು ಕೊಡುತ್ತಾರೆ. ಗಾಯ ಕೂಡಲು ಬೇಕಾದದ್ದೇ ಪ್ರೋಟೀನು, ಮಲಬದ್ಧತೆ ತಪ್ಪಿಸುವುದೇ ನೀರು. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂಥ ಮೈಗೆ ಪಥ್ಯದ ಸಪ್ಪೆ ಊಟ ನೇರ ನಷ್ಟ. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮೊಟ್ಟೆ, ಮೊಸರು ಎಲ್ಲವೂ ಇರಲಿ. ಕಬ್ಬಿಣದ ಮಾತ್ರೆಯನ್ನು ಟೀ ಕುಡಿದ ಬೆನ್ನಿಗೆ ನುಂಗದಿದ್ದರಾಯಿತು. ಬಸಿರಿಗೆ ಪ್ರಯತ್ನಿಸುವ ಮುಂಚಿನ ತಿಂಗಳಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಬೇಕು. ಮಗುವಿನ ಬೆನ್ನುಹುರಿಯ ದೋಷವನ್ನು ತಡೆಯುವ ಈ ಅಗ್ಗದ ಮಾತ್ರೆ ಬಹುಮಂದಿಗೆ ಬಸಿರು ಖಚಿತವಾದ ಮೇಲಷ್ಟೇ, ಅಂದರೆ ತಡವಾಗಿ ಸಿಗುತ್ತದೆ.

ಕೆಲಸದ ವಿಚಾರದಲ್ಲಿ ಆಸ್ಪತ್ರೆಯ ಸಲಹೆ ಈ ಸೀಮೆಯ ಬದುಕನ್ನು ನೋಡಿದ್ದಲ್ಲ. ‘ಭಾರ ಎತ್ತಬೇಡಿ’ ಎಂಬ ಮಾತು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಮನೆಗಳಲ್ಲಿ ಜುಲೈ ಬಂತೆಂದರೆ ನಿಲ್ಲುವುದಿಲ್ಲ. ಸೊಪ್ಪು ಮುರಿಯುವುದು, ಹೊರೆ ತರುವುದು, ಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ಕೂತು ಹಸಿ ಎಲೆಗಳನ್ನು ಎರಡು ಮೂರರಂತೆ ಸೇರಿಸಿ ದಾರದಲ್ಲಿ ಕಡ್ಡಿಯ ಎರಡೂ ಬದಿಗೆ ಕಟ್ಟುವುದು, ತುಂಬಿದ ಕಡ್ಡಿಯನ್ನು ಮೇಲಕ್ಕೆ ಕೊಡುವುದು, ಇದರಲ್ಲಿ ಹೆಂಗಸರ ಪಾಲು ದೊಡ್ಡದು. ‘ಕೂತು ಮಾಡುವ ಕೆಲಸ ತಾನೆ’ ಎಂದು ಆಪರೇಷನ್ ಆದವಳನ್ನು ಕಡ್ಡಿ ಕಟ್ಟಲು ಕೂರಿಸುವುದೂ ಸರಿಯಲ್ಲ. ತೇವವಿರುವ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ, ವಾಂತಿಗೆ ಹೊಲಿಗೆ ಜಗ್ಗುತ್ತದೆ. ನಿಕೋಟಿನ್ ಹೊಟ್ಟೆಯ ಮಗುವಿಗೂ ಒಳ್ಳೆಯದಲ್ಲ. ಕೈಗವಸು, ತುಂಬುತೋಳಿನ ಅಂಗಿ ಹಾಕಿ ಎನ್ನುವುದಕ್ಕಿಂತ ಆ ಹಂಗಾಮಿಗೆ ಈ ಕೆಲಸವನ್ನೇ ಬಿಡಿಸುವುದು ಮೇಲು. ಕೆ.ಆರ್. ನಗರದ ಕಾಲುವೆ ಬಯಲಿನಲ್ಲಿ ನಾಟಿಯ ಬಾಗು ಹೊಟ್ಟೆಯ ಸ್ನಾಯುಗಳಿಗೆ ಅಷ್ಟೇ ಕಷ್ಟ. ತುರ್ತಿಲ್ಲದ ಆಪರೇಷನ್ನನ್ನು ಬೇಸಾಯದ ಬಿಡುವು ನೋಡಿ ಇಟ್ಟುಕೊಳ್ಳಲು ವೈದ್ಯರು ಒಪ್ಪುತ್ತಾರೆ, ಕೇಳಬೇಕಷ್ಟೆ. ಬೆಟ್ಟದಪುರದ ಬೆಟ್ಟವನ್ನೋ ಚಿಕ್ಕದೇವಮ್ಮನ ಬೆಟ್ಟವನ್ನೋ ಹತ್ತುವ ಹರಕೆಯನ್ನೂ ಆರು ವಾರ ಕಳೆದ ಮೇಲೆ ತೀರಿಸಿದರೆ ಕುಂದಿಲ್ಲ.

ಬಸಿರಿಗೆ ಎಷ್ಟು ದಿನ ಕಾಯಬೇಕು ಎಂಬಲ್ಲಿ ಈ ಪದ್ಧತಿ ಅತಿ ಹೆಚ್ಚು ಎಡವುತ್ತದೆ. ‘ಗರ್ಭಕೋಶ ಗಟ್ಟಿಯಾಗಲಿ, ಒಂದು ವರ್ಷ ಬಿಡಿ’ ಎಂಬ ಹಿರಿಯರ ಮಾತು ಫೈಬ್ರಾಯ್ಡ್ ಆಪರೇಷನ್‌ನಿಂದ ಎರವಲು ಬಂದಂತಿದೆ. ಅಲ್ಲಿ ಗರ್ಭಕೋಶದ ಗೋಡೆಯನ್ನೇ ಕುಯ್ದಿರುತ್ತಾರೆ, ಕೆಲವು ತಿಂಗಳು ಕಾಯಲೇಬೇಕು. ಸಿಸ್ಟ್ ತೆಗೆಯುವಾಗ ಗರ್ಭಕೋಶಕ್ಕೆ ಕತ್ತಿ ತಾಕಿರುವುದಿಲ್ಲ. ಗಾಯ ಮಾಗಿ, ಒಂದೆರಡು ಮುಟ್ಟು ಕಳೆದು, ಆಪರೇಷನ್ ಮಾಡಿದವರು ಒಪ್ಪಿದರೆ ಪ್ರಯತ್ನಿಸಬಹುದು. ಹೆರಿಗೆಗೆ ಸಿಸೇರಿಯನ್ನೇ ಆಗಬೇಕೆಂಬ ಭಯವೂ ಇದೇ ಗೊಂದಲದ ಕೂಸು. ಚಾಕೊಲೇಟ್ ಸಿಸ್ಟ್ ಆದವರಿಗಂತೂ ವರ್ಷ ಕಾಯುವುದು ಕೈಗೆ ಬಂದ ಕಾಲವನ್ನು ಕಳೆದಂತೆ. ಆ ಕಾಯಿಲೆ ಮರುಕಳಿಸುತ್ತದೆ. ಆಪರೇಷನ್ ಬೆನ್ನಿನ ತಿಂಗಳುಗಳೇ ಪ್ರಯತ್ನಕ್ಕೆ ಒಳ್ಳೆಯವು. ಬಸಿರಿನ ಸಾಧ್ಯತೆ ಹೆಚ್ಚಿಸಲೆಂದೇ ಆಪರೇಷನ್ ನಂತರ ಮುಟ್ಟು ನಿಲ್ಲಿಸುವ ಹಾರ್ಮೋನು ಕೊಡಬಾರದೆಂದು ಯುರೋಪಿನ ತಜ್ಞರ ಸಂಘ ಇಎಸ್‌ಎಚ್‌ಆರ್‌ಇ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಚಾಕೊಲೇಟ್ ಸಿಸ್ಟ್ ಸುಲಿಯುವಾಗ ಅಂಡಗಳಿರುವ ಒಳ್ಳೆಯ ಪದರವೂ ಕೊಂಚ ಹೋಗುವುದರಿಂದ ಎಎಂಎಚ್ ಪರೀಕ್ಷೆಯ ಅಂಕಿ ಇಳಿಯುತ್ತದೆ. ಆ ಅಂಕಿ ಉಳಿದ ಅಂಡಗಳ ಅಂದಾಜನ್ನು ಕೊಡುತ್ತದೆಯೇ ಹೊರತು ಈ ವರ್ಷ ಬಸಿರಾಗುತ್ತದೋ ಇಲ್ಲವೋ ಎಂಬುದನ್ನಲ್ಲ. ಒಂದು ಅಂಕಿ ನೋಡಿ ಮನೆಯವರೆಲ್ಲ ಕುಸಿಯಬೇಕಿಲ್ಲ.

ಗಂಡನ ವೀರ್ಯ ಪರೀಕ್ಷೆ ಈ ಇಡೀ ಸರಣಿಯಲ್ಲಿ ಅಗ್ಗದ್ದು, ನೋವಿಲ್ಲದ್ದು, ಆದರೂ ಕೊನೆಗೆ ಆಗುವಂಥದ್ದು. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಹೆಂಡತಿಯ ಹೊಟ್ಟೆ ಕುಯ್ಯುವುದಕ್ಕೂ ಮೊದಲೇ ಆಗಬೇಕಾದ ಪರೀಕ್ಷೆಯನ್ನು ಗಂಡಸಿನ ಮರ್ಯಾದೆಯ ಹೆಸರಲ್ಲಿ ಮುಂದೂಡುವುದು ಅನ್ಯಾಯ.

ಸರ್ಕಾರಿ ವ್ಯವಸ್ಥೆಯ ಲೋಪ ಇನ್ನೊಂದು ಬಗೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಕೊಡುತ್ತಿದೆ. ಅದು ಆಸ್ಪತ್ರೆಗೆ ದಾಖಲಾದವರ ಯೋಜನೆ. ಆಮೇಲಿನ ಸ್ಕ್ಯಾನಿಂಗ್, ಬಂಜೆತನದ ಚಿಕಿತ್ಸೆ ಬಹುಪಾಲು ಕೈಯಿಂದಲೇ. ಆಶಾ ಕಾರ್ಯಕರ್ತೆಯ ಭೇಟಿ ಬಸುರಿ, ಬಾಣಂತಿ, ಕುಟುಂಬ ಯೋಜನೆಯ ಸುತ್ತ ಇರುತ್ತದೆ. ತಾಯಿ ಕಾರ್ಡ್ ಬಸಿರಾದ ಮೇಲೆ. ಆಪರೇಷನ್ ಆಗಿ ಬಸಿರಿಗೆ ಕಾಯುತ್ತಿರುವವಳ ಮನೆ ಬಾಗಿಲಿಗೆ ಬರುವವರಿಲ್ಲ. ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿನ ಜೇನುಕುರುಬ, ಬೆಟ್ಟಕುರುಬ ಹಾಡಿಗಳಿಂದ ಮೈಸೂರಿಗೆ ಮತ್ತೆ ಮತ್ತೆ ಹೋಗಿಬರುವುದೆಂದರೆ ಪ್ರತಿ ಸಲ ಇಬ್ಬರ ಕೂಲಿ ಹೋದಂತೆ. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆ ಸರಗೂರಿನಲ್ಲಿ ಇರುವುದು ಅದಕ್ಕೇ ಮುಖ್ಯ: ಹೊಲಿಗೆ ನೋಡುವುದು, ಹಿಮೋಗ್ಲೋಬಿನ್, ಸ್ಕ್ಯಾನಿಂಗ್‌ನಂಥ ಕೆಲಸಗಳು ಹತ್ತಿರದಲ್ಲೇ ಆಗಬೇಕು. ತಾಲ್ಲೂಕು ಆಸ್ಪತ್ರೆಗಳೂ ಇಷ್ಟನ್ನು ವಹಿಸಿಕೊಳ್ಳಬಲ್ಲವು.

ಜ್ವರ, ಗಾಯದಲ್ಲಿ ಕೀವು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಕಾಲಿನ ಮೀನಖಂಡ ಊದಿ ನೋಯುವುದು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ತೆಗೆದ ಗಡ್ಡೆಯ ಪೆಥಾಲಜಿ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಅದನ್ನು ತರದೆ ಚಿಕಿತ್ಸೆ ಮುಗಿಯಿತು ಎನ್ನಲಾಗದು, ಕ್ಯಾನ್ಸರ್ ಅಲ್ಲವೆಂಬ ಖಾತ್ರಿ ಸಿಗುವುದು ಅದರಿಂದಲೇ. ಪ್ರಯತ್ನ ಶುರುವಾಗಿ ಒಂದು ವರ್ಷದಲ್ಲಿ, ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಲ್ಲಿ ಬಸಿರು ನಿಲ್ಲದಿದ್ದರೆ ತಜ್ಞರನ್ನು ಕಾಣಬೇಕು. ಎರಡೂ ಅಂಡಾಶಯಕ್ಕೆ ಆಪರೇಷನ್ ಆಗಿದ್ದರೆ, ಚಾಕೊಲೇಟ್ ಸಿಸ್ಟ್ ಇದ್ದಿದ್ದರೆ ಅಷ್ಟು ಕಾಯದೆ ಮೊದಲೇ ಹೋಗುವುದು ಒಳ್ಳೆಯದು. ಹೋಗುವಾಗ ಡಿಸ್ಚಾರ್ಜ್ ಚೀಟಿ, ಪೆಥಾಲಜಿ ವರದಿ, ಗಂಡನ ಪರೀಕ್ಷೆಯ ಫಲಿತಾಂಶ ಮೂರೂ ಕೈಯಲ್ಲಿರಬೇಕು, ಗಂಡನೂ ಜೊತೆಗಿರಬೇಕು.