ಸ್ಥಳಾಂತರವೋ, ಮರುವಿಶ್ಲೇಷಣೆಯೋ? ಟೂಲ್‌ಬಾಕ್ಸ್‌ನಿಂದ ಫ್ಲೆಕ್ಸ್‌ಗೆ ಸಾಗುವ ಭಾಷಾದತ್ತಾಂಶವನ್ನು ಕುರಿತು

ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಪದಕೋಶವನ್ನೂ ಪಠ್ಯಗಳನ್ನೂ ಎಸ್‌ಐಎಲ್ ಸಂಸ್ಥೆಯ ಹಳೆಯ ತಂತ್ರಾಂಶವಾದ ಟೂಲ್‌ಬಾಕ್ಸ್‌ನಿಂದ ಅದೇ ಸಂಸ್ಥೆಯ ಹೊಸ ತಂತ್ರಾಂಶವಾದ ಫ್ಲೆಕ್ಸ್‌ಗೆ ಸಾಗಿಸುವುದನ್ನು ತಾಂತ್ರಿಕ ಪೂರ್ವಸಿದ್ಧತೆಯೆಂದು ಬಗೆಯುವುದು ವಾಡಿಕೆ. ಈ ಗ್ರಹಿಕೆಯನ್ನು ನಾವು ಇಲ್ಲಿ ಪ್ರಶ್ನಿಸುತ್ತೇವೆ. ಇಂತಹ ಸ್ಥಳಾಂತರವು ಸ್ವತಃ ಒಂದು ಭಾಷಿಕ ವಿಶ್ಲೇಷಣೆ. ಆದ್ದರಿಂದ ಅದು ಪ್ರಕಟವಾಗಬೇಕು, ಪರಿಶೀಲನೆಗೆ ಒಳಪಡಬೇಕು ಎಂಬುದು ನಮ್ಮ ವಾದ.

ಶೂಬಾಕ್ಸ್‌ನ ಉತ್ತರಾಧಿಕಾರಿಯಾದ ಟೂಲ್‌ಬಾಕ್ಸ್ ದತ್ತಾಂಶವನ್ನು ಸರಳ ಪಠ್ಯವಾಗಿ ಇರಿಸುತ್ತದೆ. ಶೀರ್ಷಪದ, ಪದವರ್ಗ, ಗ್ಲಾಸ್, ಉದಾಹರಣೆ ಇವೆಲ್ಲ ಒಂದೊಂದು ಗುರುತಿನಿಂದ ಆರಂಭವಾಗುವ ಸಾಲುಗಳು. ಯಾವ ಸಾಲು ಯಾವುದಕ್ಕೆ ಅಧೀನ ಎಂಬುದನ್ನು ಬಹುಮಟ್ಟಿಗೆ ಸಾಲುಗಳ ಕ್ರಮವೂ ಸಂಪಾದಕರ ರೂಢಿಯೂ ನಿರ್ಧರಿಸುತ್ತವೆ. ಫ್ಲೆಕ್ಸ್‌ನಲ್ಲಾದರೋ ನಮೂದು, ಅರ್ಥ, ಉದಾಹರಣೆಗಳು ಪರಸ್ಪರ ಜೋಡಣೆಗೊಂಡ ಪ್ರತ್ಯೇಕ ಘಟಕಗಳು. ಹಳೆಯದು ಮೌನವಾಗಿದ್ದ ಕಡೆ ಹೊಸದು ಮಾತನಾಡಲೇಬೇಕಾಗುತ್ತದೆ.

ಕನ್ನಡದ ಎರಡು ಪದಗಳನ್ನು ನೋಡಬಹುದು. ‘ಕಟ್ಟು’ ಕ್ರಿಯಾಪದವೂ ಹೌದು, ನಾಮಪದವೂ ಹೌದು. ಎರಡರ ಅರ್ಥಸಂಬಂಧ ಸ್ಪಷ್ಟವಾಗಿದೆ. ‘ಕಾಡು’ ಕೂಡ ಹಾಗೆಯೇ ಎರಡು ವರ್ಗಗಳಲ್ಲಿ ಬರುತ್ತದೆ. ಆದರೆ ಅರಣ್ಯಕ್ಕೂ ಪೀಡಿಸುವುದಕ್ಕೂ ಅಂತಹ ಸಂಬಂಧ ಕಾಣದು. ಟೂಲ್‌ಬಾಕ್ಸ್‌ನಲ್ಲಿ ಎರಡನ್ನೂ ಒಂದು ಶೀರ್ಷಪದ, ಎರಡು ಪದವರ್ಗದ ಸಾಲುಗಳೆಂದು ಬರೆದಿದ್ದರೆ ಅವುಗಳ ಆಕಾರ ಒಂದೇ. ಬೇರೆ ಸೂಚನೆಯಿಲ್ಲದೆ ಆಮದು ಮಾಡಿದಾಗ ಎರಡೂ ಒಂದೊಂದು ನಮೂದಾಗಿ, ಅನೇಕಾರ್ಥಕ ಪದಗಳಾಗಿ ನಿಲ್ಲುತ್ತವೆ. ‘ಕಾಡು’ ಎರಡು ಸಮರೂಪ ಪದಗಳೇ ಎಂಬ ಪ್ರಶ್ನೆಗೆ ಸಂಶೋಧಕರು ಉತ್ತರಿಸುವ ಮುನ್ನವೇ ತಂತ್ರಾಂಶ ಉತ್ತರಿಸಿರುತ್ತದೆ.

ಅಂತರಪಂಕ್ತಿ ಪಠ್ಯಗಳಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಟೂಲ್‌ಬಾಕ್ಸ್‌ನಲ್ಲಿ ಗ್ಲಾಸ್ ಎಂಬುದು ಆ ದಿನ ಪಠ್ಯದಲ್ಲಿ ಬರೆದಿಟ್ಟ ಪ್ರತಿ. ಫ್ಲೆಕ್ಸ್‌ನಲ್ಲಿ ಆಕೃತಿಮಾ ಮಟ್ಟದ ಗ್ಲಾಸ್ ಪದಕೋಶದ ಅರ್ಥದೊಂದಿಗೆ ಜೋಡಣೆಗೊಂಡಿರುತ್ತದೆ. ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಗೆ ಮೊದಲು ‘ಆತ್ಮಾರ್ಥಕ’ ಎಂದೂ ಅನಂತರ ‘ಮಧ್ಯಮ ಪ್ರಯೋಗ’ ಎಂದೂ ಗ್ಲಾಸ್ ಕೊಟ್ಟ ಸಂಗ್ರಹವನ್ನು ಊಹಿಸೋಣ. ಸ್ಥಳಾಂತರದಲ್ಲಿ ಇವೆರಡನ್ನು ಒಂದೇ ಅರ್ಥಕ್ಕೆ ಸೇರಿಸಿದರೆ ಪಠ್ಯಗಳೆಲ್ಲ ಏಕರೂಪವಾಗುತ್ತವೆ. ವಿಶ್ಲೇಷಣೆ ಬದಲಾದ ಇತಿಹಾಸ ಅಳಿಯುತ್ತದೆ. ಹಿಂದೆ ಪ್ರಕಟವಾದ ಪ್ರಬಂಧದ ಉದಾಹರಣೆಗೆ ಆಕರದಲ್ಲಿ ಆಧಾರ ದೊರೆಯದಂತಾಗುತ್ತದೆ.

ಲಿಪಿಯೂ ತಟಸ್ಥವಲ್ಲ. ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರವನ್ನು ಸಂಯುಕ್ತ ರೂಪದಲ್ಲಿ 2 ಸಂಕೇತಗಳಾಗಿಯೂ ವಿಭಜಿತ ರೂಪದಲ್ಲಿ 4 ಸಂಕೇತಗಳಾಗಿಯೂ ಬರೆಯಬಹುದು; ಯುಟಿಎಫ್-8ರಲ್ಲಿ ಅವು ಕ್ರಮವಾಗಿ 6 ಮತ್ತು 12 ಬೈಟ್‌ಗಳು. ಟೂಲ್‌ಬಾಕ್ಸ್‌ನ ಅಂತರಪಂಕ್ತಿ ಸಾಲುಗಳು ಬೈಟ್‌ಗಳ ಎಣಿಕೆಯಿಂದ ಹೊಂದಿಕೊಂಡಿರುವುದರಿಂದ, ಆಮದಿಗೆ ಮುನ್ನ ರೂಪ ಬದಲಾದರೆ ಪದವೂ ಅದರ ಗ್ಲಾಸೂ ಬೇರ್ಪಡುತ್ತವೆ.

ಹಳೆಯ ತಂತ್ರಾಂಶದಲ್ಲೇ ಉಳಿಯಬೇಕೆಂಬುದು ನಮ್ಮ ನಿಲುವಲ್ಲ. ಅದರ ಸಡಿಲತೆ ಸಂದೇಹಕ್ಕೆ ಎಡೆಗೊಟ್ಟಂತೆ ಅಜಾಗರೂಕತೆಗೂ ಎಡೆಗೊಟ್ಟಿದೆ. ಫ್ಲೆಕ್ಸ್‌ನ ಬಿಗುವು ಅಂತಹ ಅಸಂಗತಿಗಳನ್ನು ಬಯಲಿಗೆಳೆಯುತ್ತದೆ. ಸ್ಟೀವನ್ ಬರ್ಡ್ ಮತ್ತು ಗ್ಯಾರಿ ಸೈಮನ್ಸ್ 2003ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ದತ್ತಾಂಶದ ಒಯ್ಯಲ್ಪಡುವಿಕೆಗೆ ಗುರುತಿಸಿದ ಏಳು ಆಯಾಮಗಳಲ್ಲಿ ಸ್ವರೂಪದ ಜೊತೆಗೆ ಉಲ್ಲೇಖವೂ ಒಂದು. ಸ್ವರೂಪವನ್ನು ಕಾಪಾಡುವ ಭರದಲ್ಲಿ ಉಲ್ಲೇಖಾರ್ಹತೆಯನ್ನು ಕಳೆದುಕೊಳ್ಳುವುದು ಲಾಭವಲ್ಲ.

ಆದಕಾರಣ ಮೂರು ಕನಿಷ್ಠ ನಿಯಮಗಳನ್ನು ನಾವು ಮುಂದಿಡುತ್ತೇವೆ: ಮೂಲ ಕಡತವನ್ನು ಯಾವ ತಿದ್ದುಪಡಿಯೂ ಇಲ್ಲದೆ ದಾಖಲಾಗಾರದಲ್ಲಿ ಇರಿಸಬೇಕು, ಯಾವ ಗುರುತು ಯಾವ ಘಟಕವಾಯಿತೆಂಬ ಪಟ್ಟಿಯನ್ನು ಪ್ರಬಂಧದ ಅನುಬಂಧವಾಗಿ ಪ್ರಕಟಿಸಬೇಕು, ತಂತ್ರಾಂಶವು ತಾನಾಗಿ ಕೈಗೊಂಡ ನಿರ್ಣಯಗಳನ್ನು ಸಂಶೋಧಕರ ನಿರ್ಣಯಗಳಿಂದ ಪ್ರತ್ಯೇಕಿಸಿ ಗುರುತಿಸಬೇಕು. ಭಾಷಿಕರು ಲಭ್ಯವಿರುವಲ್ಲಿ ತಪ್ಪನ್ನು ಮತ್ತೆ ಕೇಳಿ ತಿದ್ದಬಹುದು. ಕೊನೆಯ ಭಾಷಿಕರೂ ಇಲ್ಲವಾದ ಭಾಷೆಗೆ ಆ ಕಡತವೇ ಏಕೈಕ ಸಾಕ್ಷಿ.